ಅಕ್ಕಿ ಹೆಚ್ಚಿದ ಮನೆ

ಆರನೆಯ ರೊಟ್ಟಿಗೆ ನೀರು ಸವರುತ್ತಿದ್ದಾಗ ಯಾರೋ ಹೊರಬಾಗಿಲು ತಟ್ಟಿದರು. ಜೋಳದ ರೊಟ್ಟಿ ಹಂಚಿನ ಮೇಲಿರುವಾಗ ಎದ್ದು ಹೋಗುವಂತಿಲ್ಲ. ನೀರು ಆರುವ ಮುಂಚೆ ಮಗುಚಬೇಕು, ಇಲ್ಲವಾದರೆ ಸೀಳುತ್ತದೆ.

"ನೀಲೂ, ಯಾರು ನೋಡವ್ವಾ" ಎಂದೆ.

ನನ್ನ ಮಗಳು ನೀಲಾಂಬಿಕಾಗೆ ಆಗ ಏಳು ವರ್ಷ. ಒಂದು ಜಡೆ ಹಾಕಿಸಿಕೊಂಡು ಇನ್ನೊಂದು ಜಡೆಯ ಕೂದಲು ಬಿಟ್ಟುಕೊಂಡೇ ಓಡಿದಳು. ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಅವ್ವಾ, ಅಳಿಯಪ್ಪನ ಕಡೆಯವರು ಬಂದಾರ!"

ಬಂದ ಇಬ್ಬರ ಮುಖ ನಾನು ನೋಡದಿದ್ದರೂ ಊಹಿಸಬಲ್ಲೆ. ಅಳಿಯ ಎಂದರೆ ನಮ್ಮ ರಾಣೇಬೆನ್ನೂರಿನ ಜನ ಇಟ್ಟ ಹೆಸರು. ಸರ್ಕಾರ ಇಟ್ಟ ಹೆಸರು 'ಮನೆಕಾವಲು'. ಪಡಸಾಲೆಯ ಬಾಗಿಲಿನ ಮೇಲೆ ಕೂತಿರುವ ಬಿಳಿಯ ಡಬ್ಬಿ, ಅಂಗೈಯಷ್ಟು ದೊಡ್ಡದು. ಮನೆ ಅಳಿಯನ ಹಾಗೆ ನಮ್ಮ ಮನೆಯಲ್ಲೇ ಇರುತ್ತದೆ, ನಮ್ಮದೇ ಕರೆಂಟು ತಿನ್ನುತ್ತದೆ, ಎಲ್ಲ ಮಾತನ್ನೂ ಕೇಳುತ್ತದೆ, ಅದಕ್ಕೆ ಎದುರು ಮಾತಾಡುವ ಹಾಗಿಲ್ಲ. ಹೆಸರು ಯಾರು ಇಟ್ಟರೋ, ಸರಿಯಾಗಿಯೇ ಇಟ್ಟಿದ್ದರು.

ಒಂದು ವರ್ಷದ ಹಿಂದೆ ಅದು ಬಂದಾಗ ಬೇಡ ಎಂದವರು ಕಡಿಮೆ. ಅದಕ್ಕೂ ಮೊದಲು ಎಲ್ಲೋ ಸಿಲಿಂಡರ್ ಸೋರಿ ಒಂದು ಕುಟುಂಬವೇ ಹೋಗಿತ್ತು. ಇನ್ನೆಲ್ಲೋ ಒಂದು ಹೆಣ್ಣನ್ನು ಗಂಡನ ಮನೆಯವರು ಮೂರು ದಿನ ಕೂಡಿಹಾಕಿದ್ದರು, ಪಕ್ಕದ ಮನೆಗೂ ಗೊತ್ತಾಗಿರಲಿಲ್ಲ. ಮನೆಯ ಕಷ್ಟ ಮನೆಯೇ ಹೇಳಲಿ ಎಂದು ಈ ಡಬ್ಬಿ ತಂದರು. ಕರೆಂಟು ಮೀಟರು, ಸಿಲಿಂಡರಿನ ಕೆಳಗಿನ ತಟ್ಟೆ, ಪಡಿತರದ ಅಕ್ಕಿ ಇಡಲು ಕೊಟ್ಟ ತೂಕದ ಡಬ್ಬಿ, ಬಾಗಿಲ ಚಿಲಕ, ಇಷ್ಟಕ್ಕೂ ಅದಕ್ಕೂ ಸಂಬಂಧ. ನಾವು ಆಡುವ ಮಾತನ್ನು ಅದು ಇವುಗಳ ಜೊತೆ ಹೋಲಿಸಿ ನೋಡುತ್ತದೆ. ಹೇಳಿದ್ದಕ್ಕೂ ಇದ್ದದ್ದಕ್ಕೂ ಎಷ್ಟು ದೂರ ಎಂದು ಲೆಕ್ಕ ಹಾಕುತ್ತದೆ. ಅದಕ್ಕೆ 'ಅಂತರ' ಎಂದು ಹೆಸರು. ಅಂತರ ಕಡಿಮೆಯಿದ್ದರೆ ಹಸಿರು ದೀಪ, ಹೆಚ್ಚಾದರೆ ಹಳದಿ, ಆಮೇಲೆ ಕೆಂಪು. ಸುಳ್ಳು ಇರುವ ಮನೆಯಲ್ಲೇ ಕಷ್ಟ ಇರುತ್ತದೆ ಎನ್ನುವುದು ಇದನ್ನು ಮಾಡಿದವರ ನಂಬಿಕೆ. ದನಿಯನ್ನು ಕೂಡಿಡುವುದಿಲ್ಲ, ಅಂತರವನ್ನೂ ಅದಕ್ಕೆ ಕಾರಣವಾದ ಮಾತಿನ ಬರಹವನ್ನೂ ಅಷ್ಟೇ ಇಟ್ಟುಕೊಳ್ಳುತ್ತೇವೆ ಎಂದು ಕರಪತ್ರದಲ್ಲಿ ಬರೆದಿದ್ದರು.

ನಾನು ಕೈಯ ಹಿಟ್ಟು ಒರೆಸಿಕೊಂಡು ಬಂದೆ. ಒಬ್ಬ ಹುಡುಗ, ಒಬ್ಬ ಹುಡುಗಿ, ಇಬ್ಬರಿಗೂ ಇಪ್ಪತ್ತೈದರ ಆಸುಪಾಸು. ಹುಡುಗ ಟ್ಯಾಬ್ ನೋಡಿಕೊಂಡು ಓದಿದ.

"ನಿಮ್ಮ ಮನಿ ಅಂತರ ನಲವತ್ತಮೂರು ಆಗೈತ್ರಿ. ಹದಿನಾಲ್ಕನೇ ತಾರೀಖು ಬೆಳಿಗ್ಗೆ, ಹಿರಿಯ ಮಹಿಳೆ: 'ಅಕ್ಕಿ ಹೆಚ್ಚ್ಯಾವ.' ಡಬ್ಬಿ ತೂಕ ಸೊನ್ನೆ. ಅವತ್ತೇ ಸಂಜೀಕ, 'ದೀಪಾ ದೊಡ್ಡದು ಮಾಡು.' ಮುಂದಿನ ಕ್ಷಣಕ್ಕ ಟ್ಯೂಬ್‌ಲೈಟ್ ಬಂದ್. ಹದಿನೈದನೇ ತಾರೀಖು, 'ಬಾಗಿಲಾ ಮುಂದ ಮಾಡು.' ಆ ಕೂಡ್ಲೆ ಚಿಲಕ ಹಾಕ್ಯಾರ..."

ಹಿರಿಯ ಮಹಿಳೆ ನಮ್ಮ ಅತ್ತೆ ಬಸಲಿಂಗವ್ವ. ಹೂ ಕಟ್ಟುತ್ತಿದ್ದವರು ದಾರ ಹಲ್ಲಿನಲ್ಲಿ ಹಿಡಿದುಕೊಂಡೇ ಹೊರಗೆ ಬಂದರು.

"ಮತ್ತೇನನ್ನಬೇಕಪ್ಪಾ? ತುಂಬಿದ ಮನ್ಯಾಗ ಮುತ್ತೈದಿ ಮುಂದ ಅಕ್ಕಿ ಇಲ್ಲ ಅನ್ನೂದಾ? ದೀಪಾ ಆರಿಸು ಅನ್ನೂದಾ?"

"ಇದ್ದದ್ದು ಇದ್ದಂಗ ಹೇಳ್ರಿ ಅಜ್ಜಿ. ಇಲ್ಲಂದ್ರ ಇಲ್ಲ ಅನ್ರಿ."

"ನಿನ್ನ ಮದುವಿ ಆಗೈತೇನು?"

"ಇಲ್ರಿ."

"ನೋಡು, 'ಇಲ್ಲ' ಅಂದಿ. ನಮ್ಮ ಕಾಲದಾಗ 'ಆಗೂದೈತಿ' ಅಂತಿದ್ವಿ. ಅದಕ್ಕ ಆಗ್ತಿದ್ವು."

ಜೊತೆಯ ಹುಡುಗಿ ನಕ್ಕುಬಿಟ್ಟಳು. ಹುಡುಗನಿಗೂ ನಗು ಬಂತು. ಆದರೆ ಟ್ಯಾಬಿಗೆ ನಗು ಬರುವುದಿಲ್ಲ. ಹದಿನೈದು ದಿನದಲ್ಲಿ ಅಂತರ ಇಪ್ಪತ್ತಕ್ಕೆ ಇಳಿಯಬೇಕು. ಇಳಿಯದಿದ್ದರೆ ಒಳಮನೆಗೆ ಇನ್ನೊಂದು ಡಬ್ಬಿ ಬರುತ್ತದೆ, ಅತ್ತೆಯನ್ನು ನೆನಪಿನ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. 'ಗೊಂದಲದ ಲಕ್ಷಣ' ಎಂದು ಆ ಕಾಗದದಲ್ಲಿತ್ತು. ಎಪ್ಪತ್ತನಾಲ್ಕು ವರ್ಷದ ಅತ್ತೆಗೆ ಓಣಿಯ ಪ್ರತಿ ಮಗು ಹುಟ್ಟಿದ ವಾರ, ತಿಥಿ ಬಾಯಿಪಾಠ ಇತ್ತು.

ಅವರು ಹೋದ ಮೇಲೆ ನಾನು ಒಳಗೆ ಬಂದರೆ ಹಂಚಿನ ಮೇಲಿನ ರೊಟ್ಟಿ ಕರಿ ಹಲಗೆಯಾಗಿತ್ತು.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಾನು ಕೆಲಸ ಮಾಡುತ್ತಿದ್ದದ್ದು ಹೆದ್ದಾರಿ ಬದಿಯ ಒಂದು ಹಳೆಯ ಬೀಜದ ಗೋದಾಮಿನಲ್ಲಿ. ಒಳಗೆ ಎ.ಸಿ. ಹಾಕಿಸಿ ಮೇಜು ಕುರ್ಚಿ ಜೋಡಿಸಿದ್ದರೂ ಮೂಲೆಯಲ್ಲಿ ಇನ್ನೂ ಹತ್ತಿಬೀಜಕ್ಕೆ ಬಳಿಯುವ ಔಷಧದ ವಾಸನೆ ಬರುತ್ತಿತ್ತು. ನಾವು ನಲವತ್ತು ಜನ ಹೆಂಗಸರು, ಕಿವಿಗೆ ಹೆಡ್‌ಫೋನು. ಯಂತ್ರಕ್ಕೆ ಅನುಮಾನ ಬಂದ ಮಾತು ಹನ್ನೊಂದು ಸೆಕೆಂಡಿನ ತುಣುಕಾಗಿ ನಮ್ಮ ಹತ್ತಿರ ಬರುತ್ತದೆ. ಪರದೆಯ ಮೇಲೆ ಒಂದು ಪ್ರಶ್ನೆ ಇರುತ್ತದೆ. 'ಅಕ್ಕಿ ಹೆಚ್ಚಿದೆ ಎನ್ನುತ್ತಿದ್ದಾರೆ. ಡಬ್ಬಿಯ ತೂಕ ಸೊನ್ನೆ. ಮಾತು ನಿಜವೇ?' ಕೆಳಗೆ ಮೂರು ಗುಂಡಿ: ಹೌದು, ಅಲ್ಲ, ತಿಳಿಯದು. ತಿಳಿಯದು ಹೆಚ್ಚು ಒತ್ತಿದರೆ ಮೇಲ್ವಿಚಾರಕಿ ವಿನುತಾ ಮೇಡಂ ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ.

ದನಿ ಕೂಡಿಡುವುದಿಲ್ಲ ಎಂದವರು ಹನ್ನೊಂದು ಸೆಕೆಂಡು ಕೂಡಿಡುತ್ತಿದ್ದರು. ಅದನ್ನು ಕೇಳಲು ನಮ್ಮನ್ನು ಇಟ್ಟಿದ್ದರು. ಮನೆಯವರಿಗೂ ಹೇಳುವುದಿಲ್ಲ ಎಂದು ನಾವು ಸಹಿ ಮಾಡಿದ್ದೆವು. ನನ್ನ ಗಂಡ ಮಹಾರುದ್ರಪ್ಪ ಬೀಜದ ಕಂಪನಿಯ ಹೊಲಗಳನ್ನು ನೋಡಿಕೊಳ್ಳಲು ವಾರಗಟ್ಟಲೆ ಹೊರಗಿರುವವರು. ಅವರಿಗೂ, ಅತ್ತೆಗೂ, ನೀಲೂಗೂ ಹೇಳಿದ್ದು ಒಂದೇ: "ಕಂಪ್ಯೂಟರಿನಾಗ ಹೆಸರು ತುಂಬೂ ಕೆಲಸ."

ನಮ್ಮ ಊರಿನ ತುಣುಕು ನಮಗೆ ಬರುತ್ತಿರಲಿಲ್ಲ. ದೂರದ ಜಿಲ್ಲೆಗಳದ್ದು ಬರುತ್ತಿತ್ತು. ಹಾಗಾಗಿ ಪಾಪ ಅನ್ನಿಸುತ್ತಿರಲಿಲ್ಲ. ಕೆಲವು ಸಲ ಒಳ್ಳೆಯದೂ ಆಗಿದೆ. "ಏನೂ ಆಗಿಲ್ಲ, ಬಿದ್ದೆ" ಎಂದು ಅಳುತ್ತಾ ಹೇಳಿದ ಒಂದು ಹೆಣ್ಣಿನ ದನಿಗೆ ನಾನು 'ಅಲ್ಲ' ಒತ್ತಿದ್ದೇನೆ. ಆ ಮನೆಗೆ ಯಾರೋ ಹೋಗಿರಬಹುದು ಎಂದು ನಂಬಿದ್ದೇನೆ. ಆ ಒಂದು ನಂಬಿಕೆಯ ಮೇಲೆ ಎಷ್ಟೋ ದಿನ ಊಟದ ಡಬ್ಬಿ ಕಟ್ಟಿಕೊಂಡು ಹೋಗಿದ್ದೇನೆ.

ಆದರೆ ಆ ದಿನ ಹುಡುಗ ಓದಿದ ಪಟ್ಟಿ ಕೇಳಿದಾಗ ನನಗೆ ನೆನಪಾದದ್ದು ಬೇರೆ. ಡಬ್ಬಿಗಳು ಎಲ್ಲ ಮನೆಗಳಿಗೆ ಬರುವ ಮೊದಲು, ಕೆಲವೇ ಮನೆಗಳಲ್ಲಿಟ್ಟು ಯಂತ್ರಕ್ಕೆ ಕನ್ನಡ ಕಲಿಸುವ ತಿಂಗಳಲ್ಲಿ, ಇಂಥದ್ದೇ ಒಂದು ತುಣುಕು ನನಗೆ ಬಂದಿತ್ತು. ಯಾವುದೋ ಊರಿನ ಮುದುಕಿ, "ಅಕ್ಕಿ ಹೆಚ್ಚ್ಯಾವ ತಂಗಿ" ಎಂದಿದ್ದಳು. ತೂಕ ಸೊನ್ನೆ. ನನಗೆ ಗೊತ್ತಿತ್ತು. ಯಾವ ಹೆಣ್ಣಿಗೆ ಗೊತ್ತಿಲ್ಲ? ಮುಗಿಯಿತು ಎನ್ನಬಾರದೆಂದು ಹೆಚ್ಚಿತು ಅನ್ನುತ್ತೇವೆ. ಬರುವ ಅಕ್ಕಿಗೆ ದಾರಿ ತೆರೆದಿಡುವ ಮಾತು ಅದು. ನಾನು ಕೈ ಎತ್ತಿ ಕೇಳಿದೆ. ವಿನುತಾ ಮೇಡಂ ಒಳ್ಳೆಯವರೇ, ಬೇರೆ ಕಡೆಯವರು. "ಪದ ಏನು ಹೇಳುತ್ತೋ ಅಷ್ಟೇ ನೋಡಿ ಶಕುಂತಲಾ. ಅರ್ಥ ಹುಡುಕೋದು ಯಂತ್ರದ ಕೆಲಸ" ಎಂದರು.

ನಾನು 'ಅಲ್ಲ' ಒತ್ತಿದೆ. ಆ ಸಾಲಿನ ಎಲ್ಲರೂ ಒತ್ತಿದರು. ಅರ್ಥ ಹುಡುಕಬೇಕಾದ ಯಂತ್ರ ನಮ್ಮ ಹೆಬ್ಬೆರಳನ್ನು ನೋಡಿಯೇ ಅರ್ಥ ಕಲಿಯಿತು.

ಅಂತರ ಇಳಿಸುವುದು ಕಷ್ಟವಾಗಲಿಲ್ಲ. ನಾನು ಮನೆಯ ಮಾತನ್ನು ತಿದ್ದುತ್ತಾ ಹೋದೆ. ಅತ್ತೆಯನ್ನು ತಿದ್ದುವುದಾಗಲಿಲ್ಲ. ಅವರು ಎರಡು ದಿನ ನನ್ನನ್ನು ನೋಡಿ, ಮೂರನೇ ದಿನದಿಂದ ಮಾತನ್ನೇ ಕಡಿಮೆ ಮಾಡಿದರು. ಅಕ್ಕಿ ಮುಗಿದರೆ ಖಾಲಿ ಪಾವು ತಂದು ನನ್ನ ಮುಂದೆ ಇಡುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ನೀಲೂ ಮಾತ್ರ ಅಜ್ಜಿಯ ಮಾತನ್ನೇ ಕಲಿತವಳು.

"ಅವ್ವಾ, ಉಪ್ಪು ಹೆಚ್ಚೈತಿ."

"ಖಾಲಿ ಆಗೈತಿ ಅನ್ನು ಪುಟ್ಟಿ."

"ಅಜ್ಜಿ ಹಂಗನ್ನಬಾರದು ಅಂತಾಳ."

"ನಾ ಹೇಳ್ತೇನಿ, ಅನ್ನು."

ಇನ್ನೊಂದು ದಿನ ಗೊಂಬೆಯನ್ನು ಮಲಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. "ಡಾಕ್ಟರ್ ಅಕ್ಕಾರ, ನನ್ನ ಮಗಳಿಗೆ ನೂರಾನಾಲ್ಕು ಜ್ವರಾ, ಉಳಿಯಂಗಿಲ್ಲ ಕಾಣಸ್ತೈತಿ." ನನ್ನ ಕಣ್ಣು ಬಾಗಿಲ ಮೇಲಕ್ಕೆ ಹೋಯಿತು. ಹಳದಿ ದೀಪ ಮಿಣುಕಿತು. ಜ್ವರದ ಮಗು ಮನೆಯಲ್ಲಿದೆ ಎಂದು ಅದು ಬರೆದುಕೊಂಡಿತೋ ಏನೋ.

"ನೀಲೂ, ಆಟಾ ಆಡೂ ಮೊದಲು 'ಇದು ಆಟ' ಅಂತ ಹೇಳಬೇಕು. ಜೋರಾಗಿ."

ಅವಳು ನನ್ನನ್ನು ನೋಡಿದಳು. ಗೊಂಬೆಯನ್ನು ನೋಡಿದಳು. "ಇದು ಆಟ" ಎಂದಳು. ಆಮೇಲೆ ಬಟ್ಟೆ ತೆಗೆದು ಹಿಂಡಿ ಬಚ್ಚಲಿಗೆ ಹಾಕಿ ಬಂದಳು. ಆಟ ಮುಂದುವರಿಯಲಿಲ್ಲ.

ಅಂತರ ಮೂವತ್ತೊಂದಾಯಿತು. ಇಪ್ಪತ್ತೈದಾಯಿತು. ನಾನು ಗೆಲ್ಲುತ್ತಿದ್ದೇನೆ ಅಂದುಕೊಂಡೆ. ಹನ್ನೊಂದನೇ ದಿನ ತಲೆ ಬಾಚುವಾಗ ಗಮನಿಸಿದೆ, ನೀಲೂ ಎಷ್ಟೋ ಹೊತ್ತಿನಿಂದ ಒಂದು ಮಾತೂ ಆಡಿಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಾಳೆ. ಬೇಡವಾದರೆ ತಲೆ ಅಲ್ಲಾಡಿಸುತ್ತಾಳೆ. ಶಾಲೆಗೆ ಹೋಗುವಾಗ ಹೊಸಿಲಲ್ಲಿ ನಿಂತು "ಹೋಗಿ ಬರ್ತೇನಿ" ಎನ್ನುತ್ತಿದ್ದ ಮಗು ಕೈ ಬೀಸಿ ಹೋಯಿತು. ಶಾಲೆಗೆ ಹೋಗಿ ಟೀಚರನ್ನು ಕೇಳಿದೆ. "ನೀಲಾಂಬಿಕಾನಾ? ಬಾಯಿ ಮುಚ್ಚಿಸೋದೇ ಕಷ್ಟಾರೀ" ಎಂದು ಅವರು ನಕ್ಕರು. ನಾನೂ ನಕ್ಕೆ. ಬರುವಾಗ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ.

ಆ ವಾರ ಜುಲೇಖಾಬಿ ಬಂದಳು. ನಮ್ಮ ಓಣಿಗೆ ಮೂವತ್ತು ವರ್ಷದಿಂದ ಬಳೆ ತೊಡಿಸುವವಳು, ಪೇಟೆಯಲ್ಲಿ ಸಣ್ಣ ಅಂಗಡಿ. ಅತ್ತೆಗೂ ಅವಳಿಗೂ ದಿನಾ ಜಗಳ, ದಿನಾ ಚಹಾ.

"ಕೇಳಿದೇನು ಬಸಲಿಂಗವ್ವಾ, ನನ್ನ ಅಂಗಡಿಗೂ ನೋಟೀಸು! ಪೆಟ್ಟಿಗಿ ಬಿದ್ದು ಎರಡು ಡಜನ್ ಬಳಿ ಹೆಚ್ಚಿದ್ವು ಅಂತ ಮಗನಿಗೆ ಹೇಳಿದ್ನಿ. ಹೆಚ್ಚಿದ ಬಳಿ ಎಲ್ಲಿ, ರಶೀದಿ ಎಲ್ಲಿ, ಕಳ್ಳ ಮಾಲೇನು ಅಂತ ಕೇಳ್ತಾರ! ಒಡೆದ ಚೂರು ತೋರಿಸಿದ್ನಿ. 'ಮತ್ತ ಹೆಚ್ಚಿದ್ವು ಅಂದ್ರಿ?' ಅಂತಾರ. ಬಳಿ ಒಡೀತು ಅಂತ ನಮ್ಮ ಬಾಯಿಲೆ ಬರತೈತೇನು?"

"ನಿನ್ನ ಬಾಯಿಲೆ ಏನು ಬೇಕಾದ್ದು ಬರತೈತಿ ತಗೋ" ಎಂದರು ಅತ್ತೆ. ಬಹಳ ದಿನದ ಮೇಲೆ ಅವರ ದನಿ ಕೇಳಿದೆ.

ಜುಲೇಖಾಬಿಯ ಚೀಲದಲ್ಲಿ ಬಳೆಯ ಜೊತೆ ಕಾಗದಗಳಿದ್ದವು. ಈ ಡಬ್ಬಿ ಬೇಡ ಎಂದು ಓಣಿ ಓಣಿ ತಿರುಗಿ ಸಹಿ ಹಾಕಿಸುತ್ತಿದ್ದಳು. ಶನಿವಾರ ಊರಿನ ರಂಗಮಂದಿರದಲ್ಲಿ ಇಲಾಖೆಯವರು ಜನರ ಅಹವಾಲು ಕೇಳುತ್ತಾರಂತೆ. ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ, ಕನ್ನಡಕ ಹಾಕಿಕೊಂಡು ಪೂರ್ತಿ ಹೆಸರು ಬರೆದರು. ಕಾಗದ ನನ್ನ ಕಡೆ ಬಂತು. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದೆ.

"ಇರಲಿ ಬಿಡವಾ. ನೌಕರಿ ಮಾಡೂ ಹೆಣ್ಣು" ಎಂದಳು ಜುಲೇಖಾಬಿ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಚೆನ್ನಾಗಿತ್ತು.

ನೀಲೂಗೆ ಹಸಿರು ಬಳೆ ತೊಡಿಸುವಾಗ ಒಂದು ಚಿಟ್ ಎಂದಿತು. ಮಗು ಖುಷಿಯಲ್ಲಿ, "ಬಳಿ ಹೆ..." ಎಂದು ಅಷ್ಟಕ್ಕೇ ನಿಲ್ಲಿಸಿತು. ಅವಳು ಬಾಗಿಲ ಮೇಲೆ ನೋಡಲಿಲ್ಲ. ಹಾಲಿನ ಪಾತ್ರೆ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು.

ಗೋದಾಮಿನಲ್ಲಿ ಆ ವಾರ ಉಸಿರಾಡಲು ಬಿಡುವಿರಲಿಲ್ಲ. ಜನ ಬೇಕೆಂದೇ ಡಬ್ಬಿಯ ಕೆಳಗೆ ನಿಂತು ಸುಳ್ಳು ಹೇಳತೊಡಗಿದ್ದರು. "ನಮ್ಮ ಮನ್ಯಾಗ ಆನಿ ಐತಿ." "ನಾನು ಮಂತ್ರಿ." ಒಬ್ಬ ಅಜ್ಜ ದಿನಾ ಬೆಳಿಗ್ಗೆ, "ನಾ ತೀರಿಕೊಂಡು ಮೂರು ವರ್ಷ ಆತು, ಚಹಾ ಕೊಡ್ರಿ" ಎನ್ನುತ್ತಿದ್ದ. ನಾವು ನಲವತ್ತು ಜನ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆವು. ತುಣುಕು ಬೆಟ್ಟದಷ್ಟು ಬಿದ್ದವು. ಬುಧವಾರ ವಿನುತಾ ಮೇಡಂ, "ಈ ವಾರ ಜಿಲ್ಲೆ ಗಿಲ್ಲೆ ನೋಡಲ್ಲ. ಯಾರಿಗೆ ಯಾವ ಊರಿನದ್ದು ಬಂದರೂ ಮಾಡಿ ಮುಗಿಸಿ" ಎಂದರು.

ಗುರುವಾರ ಮಧ್ಯಾಹ್ನ ಊಟದ ಮೇಲೆ, ನೂರಾ ಎಷ್ಟನೆಯದೋ ತುಣುಕು. ಮೊದಲು ಹೂವಿನ ದಾರ ಕಡಿಯುವ ಸದ್ದು. ಆಮೇಲೆ ಪಿಸುದನಿ.

"ಅಜ್ಜೀ, ಅವ್ವಗ ಹೇಳಬ್ಯಾಡ ಹಂ? ನನಗ ಅಳಿಯಪ್ಪನ ಅಂಜಿಕಿ ಇಲ್ಲ. ಅವ್ವನ ಅಂಜಿಕಿ. ಅವ್ವ ಬಂದ ಕೂಡ್ಲೆ ನನಗ ಮಾತ ಬರಂಗಿಲ್ಲ."

ಹನ್ನೊಂದು ಸೆಕೆಂಡು ಮುಗಿಯಿತು. ಪರದೆಯ ಮೇಲೆ ಪ್ರಶ್ನೆ ಬಂತು: 'ಮಾತು ಬರುವುದಿಲ್ಲ ಎನ್ನುತ್ತಿರುವವರು ಮಾತನಾಡುತ್ತಿದ್ದಾರೆ. ಮಾತು ನಿಜವೇ?'

ಹೆಡ್‌ಫೋನು ತೆಗೆದರೆ ಪಕ್ಕದವಳು ಕೇಳುತ್ತಾಳೆ ಎಂದು ತೆಗೆಯಲಿಲ್ಲ. ಇನ್ನೊಮ್ಮೆ ಕೇಳುವ ಗುಂಡಿಯಿತ್ತು, ಒತ್ತಲಿಲ್ಲ. ಅದು ನನಗೆ ಹೇಳಿದ ಮಾತಾಗಿರಲಿಲ್ಲ. ನನಗೆ ಹೇಳಬೇಡ ಎಂದು ಹೇಳಿದ ಮಾತು. ತಾಯಿಯಾದವಳು ಮಗಳ ಅಂಜಿಕೆಯನ್ನು ಮಗಳ ಕಣ್ಣಲ್ಲಿ ಓದಬೇಕಿತ್ತು, ತಡವಾದರೂ ಸರಿ, ತಪ್ಪಾಗಿಯಾದರೂ ಸರಿ. ನಾನು ಕದ್ದು ಕೇಳಿದೆ.

'ಹೌದು' ಒತ್ತಿದೆ. ನಿಜವೇ ಆಗಿತ್ತಲ್ಲ.

ಆ ಸಂಜೆಯಿಂದ ತಿದ್ದುವುದನ್ನು ನಿಲ್ಲಿಸಿದೆ. ಆದರೆ ನೀಲೂ ಬಾಯಿ ಬಿಡಲಿಲ್ಲ. ಮಕ್ಕಳ ಬಾಯಿಗೆ ಹಾಕಿದ ಚಿಲಕವನ್ನು ಹೊರಗಿನಿಂದ ತೆಗೆಯಲು ಬರುವುದಿಲ್ಲ. ಅಪ್ಪಿಕೊಳ್ಳಬೇಕೆನಿಸಿತು. ಏನು ಹೇಳಿ ಅಪ್ಪಿಕೊಳ್ಳಲಿ? ನನಗೆ ಗೊತ್ತು ಎಂದರೆ ಹೇಗೆ ಗೊತ್ತು ಎಂದು ಹೇಳಬೇಕು. ಅಜ್ಜಿ ಹೇಳಿಬಿಟ್ಟಳು ಅಂದುಕೊಂಡರೆ ಮಗುವಿಗೆ ಇದ್ದ ಒಂದು ಕಿವಿಯೂ ಹೋದಂತೆ.

ಶನಿವಾರ ಅತ್ತೆ ಒಳ್ಳೆಯ ಸೀರೆಯುಟ್ಟು ಹೊರಟರು. ನೀಲೂ ಅವರ ಕೈ ಹಿಡಿದಳು. ನಾನೂ ಹೊರಟೆ.

ರಂಗಮಂದಿರ ತುಂಬಿತ್ತು, ಮುಕ್ಕಾಲು ಪಾಲು ಹೆಂಗಸರು. ವೇದಿಕೆಯ ಮೇಲೆ ಇಲಾಖೆಯ ಅಧಿಕಾರಿ, ತಾಳ್ಮೆಯ ಮನುಷ್ಯ, ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದರು. ಜುಲೇಖಾಬಿ ಒಡೆದ ಬಳೆಯ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದಳು. ಅದನ್ನು ಮೇಜಿನ ಮೇಲೆ ಬಿಚ್ಚಿದಳು.

"ಸಾಹೇಬ್ರ, ಇವಕ್ಕ ನಾವು ಹೆಚ್ಚಿದ್ವು ಅಂತೇವಿ. ಹುಟ್ಟಿದಾಗಿಂದ ಅಂತೇವಿ. ನಮ್ಮ ಅಡಿಗಿಮನಿ ಮಾತು ಕೇಳಿ ನಮ್ಮನ್ನ ಕಳ್ಳರು ಅಂತ ಬರದವರು ಯಾರು? ಯಾರು ಕೂತು ಕೇಳ್ತಾರ ಹೇಳ್ರಿ."

"ಅಮ್ಮಾ, ಯಾರೂ ಕೇಳೋದಿಲ್ಲ" ಎಂದರು ಅಧಿಕಾರಿ ಸಮಾಧಾನದಿಂದ. "ಅದು ಯಂತ್ರ. ನಿಮ್ಮ ಮಾತು ಯಾವ ಮನುಷ್ಯರ ಕಿವಿಗೂ ಬೀಳೋದಿಲ್ಲ. ಇದನ್ನ ನಾನು ಬರೆದು ಕೊಡ್ತೀನಿ."

ಸಭೆಯಲ್ಲಿ ಒಂದು ನಿಟ್ಟುಸಿರು ಹರಿಯಿತು. ಯಾರೂ ಕೇಳುವುದಿಲ್ಲ ಎಂದರೆ ಜನಕ್ಕೆ ಸಮಾಧಾನವಾಗುತ್ತದೆ. ಜುಲೇಖಾಬಿ ಕೂಡ ಚೂರುಗಳನ್ನು ಮತ್ತೆ ಗಂಟು ಕಟ್ಟತೊಡಗಿದಳು. ಅಧಿಕಾರಿ ಸುಳ್ಳು ಹೇಳುತ್ತಿದ್ದರೋ, ಅವರಿಗೇ ಗೊತ್ತಿರಲಿಲ್ಲವೋ, ನನಗೆ ಇಂದಿಗೂ ತಿಳಿಯದು.

ನಾನು ಎದ್ದು ನಿಂತೆ.

"ನಾ ಕೇಳ್ತೇನ್ರಿ."

"ಏನು ಕೇಳಬೇಕಮ್ಮಾ, ಕೇಳಿ."

"ಪ್ರಶ್ನೆ ಅಲ್ರಿ. ಇವರ ಮನಿ ಮಾತು. ನಾನ ಕೇಳ್ತೇನಿ. ನಾವು ನಲವತ್ತು ಮಂದಿ ಅದೇವಿ. ಹನ್ನೊಂದು ಸೆಕೆಂಡು ಬರತೈತಿ, ಕೇಳಿ ಹೌದು, ಅಲ್ಲ ಅಂತ ಒತ್ತತೇವಿ. ಅಕ್ಕಿ ಹೆಚ್ಚ್ಯಾವ ಅಂದ್ರ ಸುಳ್ಳು ಅಂತ ಯಂತ್ರಕ್ಕ ಕಲಿಸಿದವರೂ ನಾವ. ನನಗ ಅದರ ಅರ್ಥ ಗೊತ್ತಿತ್ತು. ಗೊತ್ತಿದ್ದೂ ಒತ್ತಿದ್ನಿ." ಜುಲೇಖಾಬಿಯ ಕಡೆ ತಿರುಗಿದೆ. "ಈ ವಾರ ನಮ್ಮ ಊರಿನವೂ ಬಂದಾವು."

ಹಿಂದಿನ ಸಾಲಿನಲ್ಲಿ ಯಾರೋ, "ಅಯ್ಯ ನಮ್ಮ ಶಿವನೇ" ಎಂದರು. ಒಬ್ಬಾಕೆ ಮುಖ ಮುಚ್ಚಿಕೊಂಡಳು, ಅವಳ ಮನೆಯಲ್ಲಿ ಏನು ಮಾತಾಗಿತ್ತೋ. ಜುಲೇಖಾಬಿ ನನ್ನನ್ನು ನೋಡುತ್ತಾ ನಿಂತಳು. ಅವಳ ಕಣ್ಣಲ್ಲಿ ಸಿಟ್ಟಿತ್ತು, ಅದನ್ನು ಮೀರಿದ್ದೂ ಏನೋ ಇತ್ತು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ್ದರು. ಸೋಮವಾರದಿಂದ ನನಗೆ ಕೆಲಸವಿಲ್ಲ ಎಂದು ಅವರ ಪೆನ್ನು ನೋಡಿಯೇ ಗೊತ್ತಾಯಿತು. ಅತ್ತೆ ಮಾತ್ರ ಕೂತಲ್ಲಿಂದಲೇ ನನ್ನ ಸೆರಗಿನ ತುದಿ ಹಿಡಿದುಕೊಂಡರು. ಎಳೆಯಲಿಲ್ಲ, ಬಿಡಲಿಲ್ಲ.

ಆಗ ಪಕ್ಕದ ಕುರ್ಚಿ ಕಿರ್ ಎಂದಿತು. ನೀಲೂ ಅದರ ಮೇಲೆ ಹತ್ತಿ ನಿಂತಿದ್ದಳು. ಅವಳ ಮುಖ ನನ್ನ ಮುಖದ ಸಮಕ್ಕೆ ಬಂದಿತ್ತು. ಮಗು ಮನಸ್ಸಿನಲ್ಲಿ ಒಂದೊಂದೇ ಗಂಟು ಬಿಚ್ಚುತ್ತಿರುವುದು ನನಗೆ ಕಾಣುತ್ತಿತ್ತು. ತುಟಿ ಎರಡು ಸಲ ತೆರೆದು ಮುಚ್ಚಿತು. ನಾನು ಕಾದೆ. ಆಮೇಲೆ ಅವಳು ಕೇಳಿದಳು, ಪಿಸುದನಿಯಲ್ಲಲ್ಲ, ಇಡೀ ರಂಗಮಂದಿರಕ್ಕೆ ಕೇಳುವಂತೆ:

"ಅವ್ವಾ, ನಾ ಅಜ್ಜಿಗೆ ಅಷ್ಟ ಅಂದಿದ್ದು... ಅದನ್ನೂ ನೀ ಕೇಳಿದೇನು?"